ಕಲ್ಲಮ್ಮನ ಕೈ

ತುಮಕೂರಿನ ಟ್ರಾಫಿಕ್ ದಾಟಿ ಕಾರು ಗುಬ್ಬಿ ರಸ್ತೆಗೆ ಬಿದ್ದ ಮೇಲೂ ಉಮಾಮಹೇಶ್ವರಿ ಸ್ಟೇರಿಂಗ್ ಮೇಲಿದ್ದ, ತನ್ನ ಕಂಪನಿಯ ಮಾರಾಟ ನೋಡಿಕೊಳ್ಳುವ ಜಯಪ್ರಕಾಶನ ಕೈಗಳನ್ನೇ ನೋಡುತ್ತಿದ್ದಳು. ಬೆಳ್ಳಗಿನ ಕೈ, ಒಪ್ಪವಾಗಿ ಕತ್ತರಿಸಿದ ಉಗುರು, ಉಂಗುರ ಬಿಗಿದಿದ್ದ ಬೆರಳು ಮಾತ್ರ ಸ್ವಲ್ಪ ಊದಿಕೊಂಡಿತ್ತು. ಎದುರಿಗಿದ್ದವರ ಮುಖಕ್ಕಿಂತ ಮೊದಲು ಕೈ ನೋಡುವುದು ಅವಳಿಗೆ ವೃತ್ತಿಯಿಂದ ಬಂದ ಅಭ್ಯಾಸ. ಮದುವೆ ಮನೆಯಲ್ಲಿ ಬಡಿಸುವವರ ಕೈ, ಅಂಗಡಿಯಲ್ಲಿ ಚಿಲ್ಲರೆ ಕೊಡುವವರ ಕೈ, ಮಠದಲ್ಲಿ ಪ್ರಸಾದ ಕೊಡುವವರ ಕೈ. ಆದರೆ ಈ ಹೊತ್ತು ಅವಳು ಹುಡುಕುತ್ತಿದ್ದುದು ಕೊಳೆಯನ್ನಲ್ಲ. ಹೋದ ವಾರ ಆ ಶಾಲೆಯಲ್ಲಿ ಈ ಕೈಗಳು ಏನು ಮಾಡಿದವು ಅನ್ನುವುದನ್ನು. ಇವನು ಬೇಕೆಂದೇ ಆ ಹೆಂಗಸಿಗೆ ಲೋಶನ್ ಜಾಸ್ತಿ ಹಚ್ಚಿದನೆ? ಅವಳು ಸರಿಯಾಗಿ ತೊಳೆದುಕೊಳ್ಳುವ ಮೊದಲೇ ನಲ್ಲಿ ನಿಲ್ಲಿಸಿಬಿಟ್ಟನೆ?

ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಶಾಲೆಯ ಹೆಡ್‌ಮಾಸ್ಟರ್ ರಂಗನಾಥ್ ಫೋನ್ ಮಾಡಿದ್ದರು. "ಮೇಡಂ, ನಮ್ ಸ್ಕೂಲಲ್ಲಿ ಮಕ್ಳು ಬಿಸಿಯೂಟ ಮಾಡ್ತಿಲ್ಲ. ನಿಮ್ ಲೈಟ್ ಬಂದೋದ್ಮೇಲೆ ಎಲ್ರೂ ಮನೆಯಿಂದ ಡಬ್ಬಿ ತರ್ತಾವ್ರೆ" ಅಂದರು. ಆ ದನಿಯಲ್ಲಿ ಭಯವಿತ್ತೋ, ದೂರಿತ್ತೋ, ಒಳಗೊಳಗೇ ಒಂದು ಖುಷಿಯಿತ್ತೋ ಅವಳಿಗೆ ತಿಳಿಯಲಿಲ್ಲ. "ಯಾರ ಕೈ?" ಎಂದು ಕೇಳಿಬಿಟ್ಟಿದ್ದಳು. ಅವರಿನ್ನೂ ಯಾರ ಕೈಯ ಸುದ್ದಿಯನ್ನೂ ಎತ್ತಿರಲಿಲ್ಲ. ಆಮೇಲೆ, "ಕಲ್ಲಮ್ಮ ಅಂತ, ಅಡುಗೆಯೋರು. ಕಾಲೊನಿಯೋರು ಮೇಡಂ" ಎಂದರು. ಕೊನೆಯ ಮಾತನ್ನು ಅವರು ದನಿ ತಗ್ಗಿಸಿ ಹೇಳಿದ್ದರು. ಆಗಿನಿಂದ ಅವಳನ್ನು ಕೊರೆಯುತ್ತಿದ್ದುದು ಅದೇ. ಕೇಳುವ ಮೊದಲೇ ತನಗೆ ಗೊತ್ತಿತ್ತೆ?

ಅವಳ ಕಂಪನಿಯ ಹೆಸರು ಕರಶುದ್ಧಿ. ಹಿರೇಹಳ್ಳಿಯಲ್ಲಿ ಒಂದು ಶೆಡ್ಡು, ಕಾಲಲ್ಲಿ ಒತ್ತಿದರೆ ನೀರು ಬರುವ ಕೈತೊಳೆಯುವ ಸ್ಟ್ಯಾಂಡುಗಳು, ಲಿಂಬೆ ವಾಸನೆಯ ದ್ರವ ಸಾಬೂನು. ಕರ ಅಂದರೆ ತೆರಿಗೆ ಅಂದುಕೊಂಡು ಶುರುವಿನಲ್ಲಿ ವ್ಯಾಪಾರಸ್ಥರೊಬ್ಬರು ನೋಟಿಸು ಬಿಡಿಸಿಕೊಡಿ ಎಂದು ಬಂದಿದ್ದರು. ಅದಕ್ಕೂ ಮೊದಲು ಅವಳು ಸರ್ಕಾರಿ ವೈದ್ಯೆ. ಮಾರ್ಕೋನಹಳ್ಳಿ ಕಡೆಯ ಒಂದು ಊರಲ್ಲಿ ವಾಂತಿಭೇದಿ ಎದ್ದಾಗ ಮನೆಮನೆಗೆ ಹೋಗಿ ಕರಪತ್ರ ಹಂಚಿದ್ದಳು. ಮೂರನೆಯ ಸಲ ಹೋದಾಗ ಅದೇ ಕರಪತ್ರದಲ್ಲಿ ಕಡ್ಲೆಪುರಿ ಕಟ್ಟಿ ಮಕ್ಕಳ ಕೈಗೆ ಕೊಟ್ಟಿದ್ದರು. ಆ ಮಕ್ಕಳಲ್ಲಿ ಒಬ್ಬಳು, ಮೂಗುಬೊಟ್ಟಿನ ಹುಡುಗಿ, ವಾರ ಕಳೆಯುವುದರೊಳಗೆ ತೀರಿಕೊಂಡಿದ್ದಳು. ಭಾಷಣ ಕೇಳಿ ಯಾರೂ ಕೈ ತೊಳೆಯುವುದಿಲ್ಲ, ಇಷ್ಟಪಟ್ಟು ಕೊಂಡದ್ದನ್ನು ಮಾತ್ರ ಬಳಸುತ್ತಾರೆ, ಶುಚಿಯನ್ನು ಮಾರಬೇಕು ಎಂದು ಅವಳಿಗೆ ಅನ್ನಿಸಿದ್ದು ಆ ಮನೆಯ ಬಾಗಿಲಲ್ಲಿ. ಅದನ್ನು ಎಷ್ಟೋ ವೇದಿಕೆಗಳ ಮೇಲೆ ಹೇಳಿದ್ದಳು. ಹೇಳಿ ಹೇಳಿ ಆ ಹುಡುಗಿಯ ಮುಖ ಮಾಸಿ ಮೂಗುಬೊಟ್ಟು ಮಾತ್ರ ಉಳಿದಿತ್ತು. ಹೋದ ಮಳೆಗಾಲದಲ್ಲಿ ಎಲ್ಲೋ ಮತ್ತೆ ವಾಂತಿಭೇದಿ ಕಾಣಿಸಿಕೊಂಡು ಆರ್ಡರುಗಳು ಬಂದಾಗ ಜಯಪ್ರಕಾಶ್ "ಸೀಸನ್ ಚೆನ್ನಾಗಿದೆ ಮೇಡಂ" ಅಂದಿದ್ದ. ಅವಳು ಬೈಯಬೇಕಿತ್ತು. ನಕ್ಕಿದ್ದಳು.

ವ್ಯಾಪಾರ ನಿಜವಾಗಿ ಕುದುರಿದ್ದು ನೀಲಿ ದೀಪ ಬಂದ ಮೇಲೆ. ಬಿಳಿ ಲೋಶನ್ನಿನಲ್ಲಿ ಒಂದು ಪುಡಿ ಬೆರೆಸಿರುತ್ತದೆ. ಅದನ್ನು ಕೈಗೆ ಸವರಿ ತೊಳೆಯಲು ಹೇಳುವುದು. ಕತ್ತಲೆ ಮಾಡಿ ದೀಪ ಹಿಡಿದರೆ ಸರಿಯಾಗಿ ತೊಳೆಯದ ಕಡೆ ಪುಡಿ ಉಳಿದು ಹೊಳೆಯುತ್ತದೆ. ಹೊಳೆಯುವುದು ಕ್ರಿಮಿಯಲ್ಲ, ಪುಡಿ. ಆದರೆ ಪ್ರದರ್ಶನದಲ್ಲಿ ಹಾಗೆ ಹೇಳುತ್ತಿರಲಿಲ್ಲ. "ನೋಡಿ, ನಿಮ್ಮ ಕಣ್ಣಿಗೆ ಕಾಣದ್ದು" ಎಂದಷ್ಟೇ ಹೇಳುತ್ತಿದ್ದರು. ಸುಳ್ಳಲ್ಲದ ಆ ವಾಕ್ಯವನ್ನು ಬರೆದುಕೊಟ್ಟವಳು ಅವಳೇ.

"ಅಷ್ಟು ಜನ ಇದ್ರಲ್ಲ, ಯಾಕೆ ಅವಳನ್ನೇ ಕರೆದ್ರಿ?" ಅವಳು ಕೇಳಿದಳು.

ಜಯಪ್ರಕಾಶ್ ಕನ್ನಡಿಯಲ್ಲಿ ಅವಳನ್ನು ನೋಡಿದ. "ಯಾರನ್ನ ಮೇಡಂ?"

"ಕಲ್ಲಮ್ಮನ್ನ."

"ನೀವೇ ಟ್ರೇನಿಂಗಲ್ಲಿ ಹೇಳ್ಕೊಟ್ಟಿದ್ದು. ಒರಟು ಕೈ ಇರೋರನ್ನ ಕರೀರಿ, ಬಿರುಕಲ್ಲಿ ಪೌಡರ್ ಕೂತ್ಕಳುತ್ತೆ, ಎಷ್ಟ್ ತೊಳುದ್ರೂ ಹೋಗಲ್ಲ, ಜನಕ್ಕೆ ಚೆನ್ನಾಗ್ ಕಾಣುತ್ತೆ ಅಂತ. ಡೆಮೋ ಮಾಡೋ ದೀಪಿಕಾ ಅವತ್ತು ರಜ, ಅದುಕ್ಕೆ ನಾನೇ ಮಾಡ್ದೆ. ನೀವ್ ಹೇಳಿದ್ದನ್ನೇ ಮಾಡ್ದೆ."

ಹೌದು, ಹೇಳಿದ್ದಳು. ಶೆಡ್ಡಿನ ಹಿಂಬದಿಯ ಕೋಣೆಯಲ್ಲಿ, ಟೀ ಬಿಸ್ಕತ್ತಿನ ನಡುವೆ, ಎಲ್ಲರೂ ನಗುವಂತೆ ಹೇಳಿದ್ದಳು. ಇವನು ಇಷ್ಟು ಒಪ್ಪವಾಗಿ ನೆನಪಿಟ್ಟುಕೊಂಡಿರುವುದು ಯಾಕೆ? ಮುಂದೊಂದು ದಿನ ಬೇಕಾದೀತು ಎಂದೆ? ಅವನ ಫೋನು ಡ್ಯಾಶ್‌ಬೋರ್ಡಿನ ಮೇಲೆ ಅಂಗಾತ ಬಿದ್ದಿತ್ತು. ಅದರೊಳಗೆ ಈ ಮಾತೆಲ್ಲ ಸೇರಿಕೊಳ್ಳುತ್ತಿದೆಯೇನೋ ಅನ್ನಿಸಿ ಅವಳು ಕಿಟಕಿಯ ಕಡೆ ತಿರುಗಿದಳು. ತೆಂಗಿನ ತೋಟಗಳು ಹಿಂದೆ ಸರಿಯುತ್ತಿದ್ದವು. ಗುಬ್ಬಿಯಲ್ಲಿ ಅವಳ ತವರು ಕೊಬ್ಬರಿ ವ್ಯಾಪಾರದ ಮನೆ. ಕಾಯಿ ಕೆಡವುವವನು ವಾಪಸು ಕೊಟ್ಟ ಕುಡುಗೋಲನ್ನು ಅಮ್ಮ ಬಾವಿಕಟ್ಟೆಯ ಮೇಲಿಡಿಸಿ ನೀರು ಸುರಿದೇ ಒಳಗೆ ತರುತ್ತಿದ್ದಳು. ಯಾಕಮ್ಮ ಅಂದರೆ "ಧೂಳು ಕಣೇ" ಅನ್ನುತ್ತಿದ್ದಳು. ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಸ್ಕೋಪಿಗೆ ಮೊದಲ ಸಲ ಕಣ್ಣಿಟ್ಟ ದಿನ ಉಮಾಮಹೇಶ್ವರಿಗೆ, ಇದು ಗೊತ್ತಾದರೆ ಅಮ್ಮನ ಆ ನೀರಿನ ಚೊಂಬು ತಾನಾಗಿ ಬಿದ್ದುಹೋಗುತ್ತದೆ ಎಂದು ಎಷ್ಟು ಸಂತೋಷವಾಗಿತ್ತು! ಅವಳು ತಯಾರಿಸಿದ ಮೊದಲ ಸ್ಟ್ಯಾಂಡು ತವರಿನ ಹಿತ್ತಲಲ್ಲಿ ನಿಂತಾಗ ಅಮ್ಮನಿಗೂ ಸಂತೋಷವಾಗಿತ್ತು. "ನಾನ್ ಹೇಳಿದ್ರೆ ಹಳೇ ಕಾಲದವ್ಳು ಅಂತಿದ್ರಿ. ಈಗ ಡಾಕ್ಟ್ರೇ ಹೇಳ್ತಾವ್ರೆ, ತೊಳ್ಕಂಡ್ ಬಾ ಅಂತ" ಎಂದು ಹೂವಿನವಳಿಗೆ ಹೇಳುತ್ತಿದ್ದಳು.

ಶಾಲೆಯ ಅಂಗಳದಲ್ಲಿ ಮಕ್ಕಳು ಬೇವಿನ ಮರದ ಕೆಳಗೆ ಕೂತು ಡಬ್ಬಿ ಬಿಚ್ಚಿದ್ದರು. ಆಚೆ ಅಡುಗೆಮನೆಯ ಮುಂದೆ ಅನ್ನದ ಡಬರಿಗೆ ಮುಚ್ಚಳ ಮುಚ್ಚಿತ್ತು. ಅದರ ಪಕ್ಕ, ಕಾಲು ಚಾಚಿ, ಸೆರಗಿನೊಳಗೆ ಎರಡೂ ಕೈ ಇಟ್ಟುಕೊಂಡು ಕೂತ ಹೆಂಗಸೇ ಕಲ್ಲಮ್ಮ ಇರಬೇಕು. ಡಬ್ಬಿ ತರದ ಕೆಲವು ಮಕ್ಕಳು ಅವಳಿಂದ ದೂರದಲ್ಲಿ ಬರಿಗೈಲಿ ಕೂತಿದ್ದವು, ಅವೂ ತಟ್ಟೆ ಹಿಡಿದಿರಲಿಲ್ಲ. ಜಗಲಿಯ ಮೇಲೆ ಒಂದಷ್ಟು ತಂದೆತಾಯಿಯರು ಕಾಯುತ್ತಿದ್ದರು. ಹೆಡ್‌ಮಾಸ್ಟರ್ ಓಡಿಬಂದರು. ಅವರ ಹಿಂದೆ ಮಹಾದೇವಯ್ಯ ನಿಧಾನವಾಗಿ ಬಂದರು. ಶಾಲಾ ಸಮಿತಿಯ ಅಧ್ಯಕ್ಷರು, ಬಿಳಿ ಪಂಚೆ, ಬಿಳಿ ಶರ್ಟು, ಹಣೆಯ ಮೇಲೆ ವಿಭೂತಿ.

"ಬನ್ನಿ ತಾಯಿ. ನಿಮ್ ತಾಯಿಮನೆ ಗುಬ್ಬೀಲೇ ಅಂತೆ. ಒಂದ್ ರೀತೀಲಿ ನಮ್ಮೋರೇ ನೀವು" ಎಂದು ಕೈಮುಗಿದರು. ನಮ್ಮೋರು ಅನ್ನುವಾಗ ಅವರು ಸುಮ್ಮನೆ ನಕ್ಕರೋ, ಏನನ್ನೋ ಹಂಚಿಕೊಂಡವರಂತೆ ನಕ್ಕರೋ. ಅವಳಿಗೂ ನಗು ಬಂದುಬಿಟ್ಟಿತ್ತು, ಮರ್ಯಾದೆಗೆ. ಅದನ್ನು ಕಲ್ಲಮ್ಮ ನೋಡಿದಳು.

ಉಮಾಮಹೇಶ್ವರಿ ಜಗಲಿಯ ಮೇಲೆ ನಿಂತು ಹೇಳಿದಳು. ಆ ದೀಪ ಕೈ ತೊಳೆಯುವುದನ್ನು ಕಲಿಸುವುದಕ್ಕೆ ಮಾತ್ರ, ಹೊಳೆದದ್ದು ರೋಗವಲ್ಲ, ಯಾರ ಕೈ ಆದರೂ ಹೊಳೆಯುತ್ತದೆ. ವೇದಿಕೆಗಳ ಮೇಲೆ ಅಷ್ಟು ಗಟ್ಟಿಯಾಗಿರುತ್ತಿದ್ದ ದನಿ ಇಲ್ಲಿ ಸುಳ್ಳು ಹೇಳುವವಳ ದನಿಯಂತೆ ಅವಳಿಗೇ ಕೇಳಿಸಿತು.

"ಅದ್ಯಂಗಾಯ್ತದೆ ತಾಯಿ?" ಮಹಾದೇವಯ್ಯ ಸಮಾಧಾನವಾಗಿ ಕೇಳಿದರು. "ಹೋದ ವಾರ ಟೀಚರ್ ಕೈ ಹೊಳೀಲಿಲ್ಲ. ಹೆಡ್‌ಮಾಸ್ಟ್ರದ್ದು ಹೊಳೀಲಿಲ್ಲ. ಆಯಮ್ಮಂದು ದೀಪಾವಳಿ ಥರ ಉರೀತು. ವಿಡಿಯೋ ಐತೆ. ನಾವ್ ಹಳ್ಳಿಯೋರು, ಜಾತಿಗೀತಿ ಅಂದ್ರೆ ನಮ್ ಮ್ಯಾಲೆ ಕೇಸ್ ಆಯ್ತದೆ. ನಾವ್ ಅದೇನೂ ಅನ್ನಲ್ಲ. ಇದು ಸೈನ್ಸು, ನೀವೇ ತೋರ್ಸಿದ್ದು. ಒಂದ್ ಕೆಲ್ಸ ಮಾಡಿ, ಎಲ್ರ ಮುಂದೆ ಇನ್ನೊಂದ್ ಕಿತ ತೋರ್ಸ್‌ಬುಡಿ. ಹೊಳೀಲಿಲ್ಲ ಅಂದ್ರೆ ಇವತ್ತೇ ಮಕ್ಳು ಉಣ್ತವೆ."

ಜಗಲಿಯ ಮೇಲಿದ್ದವರು ಹೌದು ಹೌದು ಅಂದರು. ಹೆಡ್‌ಮಾಸ್ಟರ್ ಅವಳ ಕಿವಿಯ ಹತ್ತಿರ ಬಂದು, "ಅಡುಗೆ ಜಾಗಕ್ಕೆ ಅಧ್ಯಕ್ಷರ ಕಡೆ ಲಕ್ಷ್ಮೀದೇವಮ್ಮನ್ನ ಹಾಕ್ಬೇಕು ಅಂತ ಮೊದ್ಲಿಂದ ಇತ್ತು. ನಾನ್ ಹೇಳ್ದೆ ಅನ್ಬೇಡಿ" ಎಂದು ಉಸುರಿದರು. ಅವರ ಬಾಯಿಂದ ಅಡಿಕೆಯ ವಾಸನೆ ಬಂತು. ಹೀಗೆ ಉಸುರುವವರು ಮಹಾದೇವಯ್ಯನ ಕಿವಿಯಲ್ಲಿ ಇನ್ನೇನು ಉಸುರಿದ್ದಾರೋ.

ಅವಳು ಅಡುಗೆಮನೆಯ ಕಡೆ ನಡೆದಳು. ಕಲ್ಲಮ್ಮ ಏಳಲಿಲ್ಲ.

"ಕೈ ತೋರ್ಸಿ ಕಲ್ಲಮ್ಮ." ಅಂದ ಮೇಲೆ ತಾನು ಅಂದದ್ದೇನೆಂದು ಅವಳಿಗೆ ತಿಳಿಯಿತು. ಕಲ್ಲಮ್ಮ ಸೆರಗಿನೊಳಗಿಂದ ಕೈ ತೆಗೆದು ಮೊಣಕಾಲ ಮೇಲೆ ಅಂಗಾತ ಇಟ್ಟಳು. ಬೂದಿ, ಸೌದೆ, ಬಿಸಿನೀರು ಕುಡಿದು ಬಿರಿದ ಅಂಗೈ. ಬಿರುಕುಗಳು ಕಪ್ಪಗೆ, ಆಳಕ್ಕೆ ಇಳಿದಿದ್ದವು. ಎಷ್ಟು ಉಜ್ಜಿದರೂ ಪುಡಿ ಅಲ್ಲಿಂದ ಏಳದು. ಅಂಥ ಕೈಗಳನ್ನು ಹುಡುಕಿ ಅಂತ ಹೇಳಿದವಳು ಈಗ ಅವನ್ನು ಮುಟ್ಟಬೇಕೋ ಬೇಡವೋ ಎಂದು ನಿಂತಿದ್ದಳು.

"ಅವತ್ತೂ ತೊಳ್ಕಂಡೇ ಇದ್ದೆ ಕಣವ್ವ" ಅಂದಳು ಕಲ್ಲಮ್ಮ. "ಈಗ ಇನ್ನೊಂದ್ ಕಿತ ತೋರ್ಸು ಅಂತಾವ್ರಲ್ಲ, ತೋರ್ಸಿದ್ರೆ ಏನಾಯ್ತದೆ?"

"ಏನೂ ಆಗಲ್ಲ. ಹೆದರ್ಬೇಡಿ."

"ಹೋದ ಸಲ ಆವಪ್ಪನೂ ಹಂಗೇ ಅಂದಿದ್ದ." ಅವಳ ಕಣ್ಣು ಮರದ ನೆರಳಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ ಜಯಪ್ರಕಾಶನ ಕಡೆ ಹೋಗಿ, ಮತ್ತೆ ಉಮಾಮಹೇಶ್ವರಿಯ ಮೇಲೆ ಬಂದು ನಿಂತಿತು. ಇಬ್ಬರ ನಡುವೆ ಅವಳಿಗೇನೂ ವ್ಯತ್ಯಾಸ ಕಂಡಂತಿರಲಿಲ್ಲ.

ಕಿಟ್ ತರುತ್ತೇನೆಂದು ಉಮಾಮಹೇಶ್ವರಿ ಕಾರಿಗೆ ಹೋದಳು. ಡಿಕ್ಕಿ ತೆಗೆದು, ಅದರ ಮರೆಯಲ್ಲಿ ಬಗ್ಗಿ, ಲೋಶನ್ನಿನ ಬಾಟಲಿಯ ಮುಚ್ಚಳ ತಿರುಗಿಸಿದಳು. ಯೋಚಿಸಿದ್ದಳೆನ್ನಲಾಗದು. ಇದ್ದ ಲೋಶನ್ನನ್ನು ಖಾಲಿ ಪ್ಲಾಸ್ಟಿಕ್ ಕವರಿಗೆ ಹಿಂಡಿ, ಕುಡಿಯುವ ನೀರಿನಲ್ಲಿ ಬಾಟಲಿ ಕುಲುಕಿ ಚೆಲ್ಲಿ, ವ್ಯಾನಿಟಿ ಬ್ಯಾಗಿನಲ್ಲಿದ್ದ ತನ್ನ ಕ್ರೀಮನ್ನು ಅದರೊಳಗೆ ತುಂಬಿದಳು. ಅದೂ ಬಿಳಿ. ಪರೀಕ್ಷೆಯಲ್ಲಿ ಚೀಟಿ ಬಿಚ್ಚುವವಳಂತೆ ಹಿಂದೆಮುಂದೆ ನೋಡಿದಳು. ಕೈಗೆ ಅಂಟಿದ್ದನ್ನು ಟಿಶ್ಯೂನಲ್ಲಿ ಒರೆಸಿಕೊಂಡಳು. ಬಿಸಿಲಿನಲ್ಲಿ ಏನೂ ಕಾಣಲಿಲ್ಲ. ನಲ್ಲಿಯ ಪಕ್ಕದಲ್ಲೇ ನಡೆದು ಹೋದಳು.

ಕ್ಲಾಸಿನ ಕಿಟಕಿಗಳನ್ನು ಮುಚ್ಚಿ, ಬಾಗಿಲಿಗೆ ಜಮಖಾನೆ ಕಟ್ಟಿದರು. ಕಲ್ಲಮ್ಮ ಎಲ್ಲರೆದುರು ಸವರಿಕೊಂಡಳು, ಎಲ್ಲರೆದುರು ಬಕೆಟ್ಟಿನಲ್ಲಿ ತೊಳೆದಳು. ದೀಪ ಹೊತ್ತಿತು. ನೀಲಿ ಬೆಳಕಿನಲ್ಲಿ ಅವಳ ಕೈಗಳು ಎರಡು ಕಪ್ಪು ಎಲೆಗಳಂತೆ ಮೇಜಿನ ಮೇಲಿದ್ದವು. ಒಂದು ಚುಕ್ಕೆಯೂ ಇರಲಿಲ್ಲ.

"ಏನೂ ಇಲ್ಲ ಕಣ್ಲಾ" ಅಂದರು ಯಾರೋ. ಯಾರೋ ಚಪ್ಪಾಳೆ ತಟ್ಟಿದರು. ಉಮಾಮಹೇಶ್ವರಿ ಹಿಡಿದಿದ್ದ ಉಸಿರು ಬಿಟ್ಟಳು. ಮುಗಿಯಿತು, ಇಷ್ಟೇ, ಇನ್ನು ಮಕ್ಕಳು ಉಣ್ಣುತ್ತವೆ.

"ಲೈಟೇ ಕೆಟ್ಟಿರ್ಬೋದಲ್ಲ" ಎಂದರು ಮಹಾದೇವಯ್ಯ ಕತ್ತಲೆಯಿಂದ. "ತಾಯಿ, ನಿಮ್ ಕೈ ಒಂದ್ ಗಳಿಗೆ ಇಡಿ ನೋಡಣ."

ಇಡುವುದಕ್ಕೆ ಅವಳು ಹಿಂಜರಿಯಲಿಲ್ಲ. ಈ ಜಿಲ್ಲೆಯಲ್ಲಿ ತನ್ನಷ್ಟು ಶುಚಿಯಾದ ಕೈ ಯಾರದಿದ್ದೀತು ಎಂಬ ಹಳೆಯ ಭರವಸೆಯಿಂದಲೇ ಇಟ್ಟಳು. ಕೈಗಳು ಹೊತ್ತಿಕೊಂಡವು. ಬೆರಳ ಸಂದಿಗಳು, ಉಗುರಿನ ಸುತ್ತ, ಗಡಿಯಾರದ ಪಟ್ಟಿಯವರೆಗೆ ಬಿಳಿನೀಲಿ ಬೆಂಕಿ. ಒಂದು ಕ್ಷಣ ಅವು ಯಾರದೋ ಕೈಗಳೆಂದು ಅವಳು ನೋಡುತ್ತಲೇ ಇದ್ದಳು. ಹಿಂದುಗಡೆ ಒಬ್ಬ ಹುಡುಗಿ ಕಿಸಕ್ಕೆಂದಳು, ಆಮೇಲೆ ಕ್ಲಾಸಿಗೆ ಕ್ಲಾಸೇ ನಕ್ಕಿತು. ಫೋನುಗಳು ಮೇಲೆದ್ದವು.

"ಬಾಟ್ಲಿ ಬದ್ಲಾಯ್ಸಿದ್ರಾ ತಾಯಿ?" ಮಹಾದೇವಯ್ಯ ಆರೋಗ್ಯ ವಿಚಾರಿಸುವವರಂತೆ ಮೃದುವಾಗಿ ಕೇಳಿದರು.

ಬಾಗಿಲ ಬಳಿ ಜಯಪ್ರಕಾಶ್ ತಲೆಯಾಡಿಸುತ್ತಿದ್ದ, ಬೇಡ, ಬೇಡ ಎಂದು. ಅವನ ಹಲ್ಲು ಹೊಳೆಯುತ್ತಿತ್ತು. ಆಗ ಅವಳು ಗಮನಿಸಿದಳು. ಮಕ್ಕಳ ಬಿಳಿ ಯೂನಿಫಾರಂ ಹೊಳೆಯುತ್ತಿತ್ತು, ಹೆಡ್‌ಮಾಸ್ಟರ ಕರ್ಚೀಫು ಹೊಳೆಯುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಮಹಾದೇವಯ್ಯನ ಶರ್ಟು. ಎಷ್ಟು ಸಲ ಈ ಕತ್ತಲೆಯಲ್ಲಿ ನಿಂತಿದ್ದಳು, ಒಂದು ದಿನವೂ ಅದನ್ನು ನೋಡಿರಲಿಲ್ಲ.

"ಹೌದು, ಬದ್ಲಾಯ್ಸಿದೆ" ಎಂದಳು. "ಈಗ ನನ್ನ ಕೈಯಲ್ಲಿ ಹೊಳೀತಿರೋದೂ ಅವತ್ತು ಅವ್ರ ಕೈಯಲ್ಲಿ ಹೊಳೆದದ್ದೂ ಒಂದೇ, ನಮ್ ಪೌಡರ್. ಕೆಲಸ ಮಾಡಿ ಬಿರುಕು ಬಿಟ್ಟ ಕೈಲಿ ಅದು ನಿಂತ್ಕೊಳುತ್ತೆ. ಅದು ನಂಗೆ ಗೊತ್ತಿತ್ತು. ನಿಮ್ ಶರ್ಟ್ ನೋಡ್ಕೊಳಿ ಮಹಾದೇವಯ್ಯನವ್ರೆ, ಒಗೆದ ಸೋಪಿಗೆ ಹೊಳೀತಿದೆ. ಅದೂ ಕೊಳೆನಾ?"

ಅವಳು ಅವರ ಕಡೆಗೆ ಒಂದು ಹೆಜ್ಜೆ ಇಟ್ಟಳು.

"ಮೊದಲಿನ ಲೋಶನ್ ಕವರಲ್ಲಿದೆ. ನಿಮ್ ಕೈ ಕೊಡಿ, ಹಚ್ತೀನಿ. ನೀವೂ ತೊಳೀರಿ, ನೋಡೋಣ."

ಮಹಾದೇವಯ್ಯ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದರು. ಅವಸರವೇನೂ ಇರಲಿಲ್ಲ, ನಿಂತ ಭಂಗಿ ಬದಲಿಸುವವರಂತೆ. "ನಮ್ದೇನ್ ಬುಡಿ" ಎಂದರು. "ನಾವೇನ್ ಅಡುಗೆ ಮಾಡ್ತೀವಾ?" ಈ ಸಲ ಯಾರೂ ನಗಲಿಲ್ಲ. ಹೆಡ್‌ಮಾಸ್ಟರ್ ಹೋಗಿ ಒಂದೊಂದೇ ಕಿಟಕಿ ತೆಗೆದರು.

ಬೆಳಕು ಬಂದಾಗ ಕಲ್ಲಮ್ಮ ಅಲ್ಲಿರಲಿಲ್ಲ. ಅಡುಗೆಮನೆಯ ಮುಂದೆ ಡಬರಿಯ ಮುಚ್ಚಳ ತೆಗೆದು ಸೌಟು ಹಿಡಿದು ನಿಂತಿದ್ದಳು. ಡಬ್ಬಿಯಿಲ್ಲದ ಮಕ್ಕಳು ಮೊದಲು ತಟ್ಟೆ ತಂದವು. ಆಮೇಲೆ ಕಿಸಕ್ಕೆಂದ ಆ ಹುಡುಗಿ, ಅವಳ ಹಿಂದೆ ಇನ್ನಷ್ಟು. ಉಳಿದವರು ಜಗಲಿಯ ಮೇಲಿದ್ದ ಅಪ್ಪ ಅಮ್ಮಂದಿರ ಮುಖ ನೋಡುತ್ತ ಮರದ ಕೆಳಗೇ ಕೂತರು. ಈಗ ಆ ಮುಖಗಳಲ್ಲಿ ದೀಪದ ನೆಪವಿರಲಿಲ್ಲ. ನೆಪವಿಲ್ಲದೆಯೂ ಅವು ಹಾಗೇ ಇದ್ದವು. ತಾನೂ ಒಂದು ತಟ್ಟೆ ಹಿಡಿದು ಮಕ್ಕಳ ಸಾಲಿನಲ್ಲಿ ಕೂರಬೇಕು ಎಂದು ಉಮಾಮಹೇಶ್ವರಿಗೆ ಅನ್ನಿಸಿತು. ಕೂತರೆ ಜಯಪ್ರಕಾಶ್ ತೆಗೆಯುವ ಫೋಟೋ, ಅದರ ಕೆಳಗಿನ ಬರಹ ಎರಡೂ ಕಣ್ಣಿಗೆ ಕಟ್ಟಿದವು. ಅದಕ್ಕಾಗಿ ಕೂರಲಿಲ್ಲವೆಂದುಕೊಂಡಳು. ಅದಕ್ಕಾಗಿಯೇ ಹೌದೋ, ಇಲ್ಲವೋ.

"ನನ್ನಿಂದ ತಪ್ಪಾಯ್ತು ಕಲ್ಲಮ್ಮ" ಅಂದಳು, ಹತ್ತಿರ ಹೋಗಿ.

ಕಲ್ಲಮ್ಮ ಒಂದು ತಟ್ಟೆಗೆ ಸಾರು ಬಿಟ್ಟಳು, ಇನ್ನೊಂದಕ್ಕೆ ಬಿಟ್ಟಳು. "ಇನ್ ಬರ್ಬ್ಯಾಡಿ ಕಣವ್ವ" ಎಂದಳು. ಸಿಟ್ಟಿನಿಂದಲ್ಲ. ಬಿಸಿಲಿಗೆ ಅಡ್ಡ ನಿಂತವರನ್ನು ಸರಿಯಲು ಹೇಳುವ ಹಾಗೆ.

ಕುಣಿಗಲ್ಲಿನಲ್ಲಿ ಮಧ್ಯಾಹ್ನ ಹಾಸ್ಟೆಲ್ ವಾರ್ಡನ್‌ಗಳ ಸಭೆಯಿತ್ತು. ತಾಲ್ಲೂಕಿನ ಹಾಸ್ಟೆಲುಗಳಿಗೆಲ್ಲ ಸ್ಟ್ಯಾಂಡು ಮತ್ತು ದೀಪ ಒಪ್ಪಿಸುವ ಮಾತುಕತೆ. ದಾರಿಯುದ್ದಕ್ಕೂ ಜಯಪ್ರಕಾಶನ ಫೋನು ಕಿಣಿಕಿಣಿ ಅನ್ನುತ್ತಿತ್ತು. ಕೊನೆಗೆ ಅವನು, "ಮೇಡಂ, ನೀವ್ ಕೈ ತೊಳೀದೆ ಬರೋರಲ್ಲ. ಬೇಕು ಅಂತ್ಲೇ ಮಾಡಿದ್ರಾ?" ಅಂದ. ನಲ್ಲಿಯ ಪಕ್ಕ ನಡೆದದ್ದು ಅವಳಿಗೆ ನೆನಪಿತ್ತು. ನಲ್ಲಿ ತೊಟ್ಟಿಕ್ಕುತ್ತಿದ್ದುದೂ ನೆನಪಿತ್ತು. "ಇಲ್ಲಾದ್ರೂ ಲ್ಯಾಂಪ್ ಹಾಕಣ. ಇಲ್ಲಾಂದ್ರೆ ಅದನ್ನ ನಂಗೆ ಕೊಟ್ಬುಡಿ, ನಾನೇ ಬೇರೆ ನಡೆಸ್ಕೋತೀನಿ" ಅಂದ ಅವನು. "ಅದು ಕೊಡೋದಿಲ್ಲ" ಎಂದಳು. ಸೋಮವಾರದಿಂದ ಬರುವುದಿಲ್ಲ ಎಂದು ಅವನು ಹೇಳಿದ್ದು ಕುಣಿಗಲ್ ಕೆರೆ ಕಾಣಿಸಿದ ಮೇಲೆ. ಅಂಥ ದೀಪ ಇನ್ನೆಲ್ಲಾದರೂ ಅವನಿಗೆ ಸಿಕ್ಕೇ ಸಿಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಸಭೆಯ ಕೋಣೆಗೆ ಹೋಗುವ ಮೊದಲು ಮೊಣಕೈವರೆಗೂ ತೊಳೆದುಕೊಂಡಳು. ದೀಪ ತೋರಿಸುವುದಿಲ್ಲ, ಸೋಪು ನೀರು ಎರಡೇ ಸಾಕು ಎಂದು ಶುರುಮಾಡಿದಳು. ಮೂಗುಬೊಟ್ಟಿನ ಹುಡುಗಿಯ ಕತೆಗೆ ಬಂದಾಗ ನಾಲಿಗೆ ತಡವರಿಸಿ, ಅದನ್ನು ಬಿಟ್ಟು ಮುಂದಕ್ಕೆ ಹೋದಳು. ಮಕ್ಕಳು ಕೈ ತೊಳೆಯದೆ ಸಾಯುತ್ತಾರೆ ಎನ್ನುವುದು ಈಗಲೂ ನಿಜವೇ. ಆ ನಿಜ ಅವಳ ಬಾಯಲ್ಲಿ ಯಾರಿಗೂ ಬೇಡವಾದ ಸರಕಿನಂತೆ ಕೂತಿತ್ತು. ವಾರ್ಡನ್‌ಗಳು ಮೇಜಿನ ಕೆಳಗೆ ಫೋನು ನೋಡುತ್ತಿದ್ದರು. ಒಬ್ಬ ಪಕ್ಕದವನಿಗೆ ತೋರಿಸಿದ, ಪಕ್ಕದವನು ಅವಳ ಕಡೆ ನೋಡಿ ತಟಕ್ಕನೆ ಕಣ್ಣು ತೆಗೆದ. ಅದು ಆ ವಿಡಿಯೋವೇ ಇರಬೇಕೆಂದೇನೂ ಇಲ್ಲ. "ಆಮೇಲೆ ತಿಳಿಸ್ತೀವಿ ಮೇಡಂ" ಎಂದರು ಹಿರಿಯ ವಾರ್ಡನ್ ಗಂಗಾಧರ್, ಬಹಳ ಮರ್ಯಾದೆಯಿಂದ.

ಕಾಫಿ ಬಂತು. ಗಂಗಾಧರ್ ತಾವೇ ಟ್ರೇ ಹಿಡಿದು ಬಂದರು. ಜಯಪ್ರಕಾಶನ ಕೈಗೆ ಲೋಟ ಕೊಟ್ಟರು, ಪಕ್ಕದವರ ಕೈಗೆ ಕೊಟ್ಟರು, ಅದರಾಚೆಯವರಿಗೆ ಕೊಟ್ಟರು. ಅವಳು ಕೈ ಚಾಚಿದಳು. ಅವರು ಅವಳ ಲೋಟವನ್ನು ಮೇಜಿನ ಮೇಲಿಟ್ಟು, "ತಗೊಳಿ ಮೇಡಂ" ಎಂದು ನಗುತ್ತ ಮುಂದೆ ಹೋದರು. ಹೆಂಗಸರಿಗೆ ಕೈಗೆ ಕೊಡುವುದು ಅವರ ರೂಢಿಯಲ್ಲಿಲ್ಲವೇನೋ. ಲೋಟ ಬಿಸಿಯಿತ್ತೇನೋ. ಕೋಣೆಯಲ್ಲಿ ಬೇರೆ ಹೆಂಗಸರಿದ್ದಾರೆಯೇ ಎಂದು ಅವಳು ಸುತ್ತ ನೋಡಿದಳು. ಯಾರೂ ಇರಲಿಲ್ಲ, ತಾಳೆ ನೋಡುವ ಹಾಗಿರಲಿಲ್ಲ. ಚಾಚಿದ ಕೈ ಇನ್ನೂ ಗಾಳಿಯಲ್ಲೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಮೆಲ್ಲಗೆ ಹಿಂದಕ್ಕೆಳೆದು, ಸೆರಗಿನೊಳಗೆ ಇಟ್ಟುಕೊಂಡಳು.